ದನಕ್ಕೂ ಕಾಡುಪ್ರಾಣಿಗೂ ಒಂದೇ ನೀರು: ಗೋಕಟ್ಟೆಯೋ, ಹೊಂಡವೋ, ತೊಟ್ಟಿಯೋ, ಕೊಳವೆಬಾವಿಯೋ?

ಬೆಂಗಳೂರಿನ ಸುತ್ತಲಿನ ಗೋಮಾಳ, ಹುಲ್ಲುಗಾವಲು ಮತ್ತು ಕುರುಚಲು ಕಾಡಿನ ಅಂಚುಗಳಲ್ಲಿ ಬೇಸಿಗೆಯ ನೀರಿಗೆ ಏನಾದರೂ ಮಾಡಬೇಕೆಂದು ಹೊರಟವರು ಈಚೆಗೆ ಹೆಚ್ಚಾಗಿದ್ದಾರೆ. 2023ರ ಮುಂಗಾರು ಕೈಕೊಟ್ಟು, 2024ರ ಬೇಸಿಗೆಯಲ್ಲಿ ನಗರವೇ ಟ್ಯಾಂಕರಿಗೆ ಕಾದು ನಿಂತ ಮೇಲೆ, ಊರಾಚೆ ಮೇಯುವ ದನಗಳೂ ರಾತ್ರಿ ಇಳಿದು ಬರುವ ಪ್ರಾಣಿಗಳೂ ಏನು ಕುಡಿದವು ಎಂಬ ಪ್ರಶ್ನೆ ಹಲವರನ್ನು ಕಾಡಿತು. ಹೀಗೆ ಕೇಳುವವರಲ್ಲಿ ಪಂಚಾಯಿತಿ ಸದಸ್ಯರಿದ್ದಾರೆ, ಹಾಲಿನ ಸಂಘದವರಿದ್ದಾರೆ, ತೋಟದ ಮನೆ ಮಾಡಿಕೊಂಡ ನಗರವಾಸಿಗಳಿದ್ದಾರೆ, ಈ ವರ್ಷವೇ ಖರ್ಚಾಗಬೇಕಾದ ಕಂಪನಿಯ ಹಣ ಹಿಡಿದು ಬಂದವರೂ ಇದ್ದಾರೆ. ಎಲ್ಲರ ಗೊಂದಲವೂ ಒಂದೇ: ಊರಿನ ಹಳೆಯ ಗೋಕಟ್ಟೆಯ ಹೂಳೆತ್ತಿಸುವುದೋ, ಹೊಸ ಹೊಂಡ ತೆಗೆದು ಪ್ಲಾಸ್ಟಿಕ್ ಹಾಳೆ ಹೊದಿಸುವುದೋ, ಸಿಮೆಂಟ್ ತೊಟ್ಟಿ ಕಟ್ಟಿ ಟ್ಯಾಂಕರಿನಿಂದ ತುಂಬಿಸುವುದೋ, ಕೊಳವೆಬಾವಿ ಕೊರೆಸಿ ಸೌರಪಂಪು ಕೂರಿಸುವುದೋ?

ಈ ನಾಲ್ಕೂ ಒಂದಲ್ಲ ಒಂದು ಜಾಗಕ್ಕೆ ಸರಿಹೊಂದುತ್ತವೆ. ಆದರೆ ಬಹುತೇಕರು ಕೆಲಸವನ್ನು ಮೊದಲು ಆರಿಸಿಕೊಂಡು ಜಾಗವನ್ನು ಆಮೇಲೆ ಹುಡುಕುತ್ತಾರೆ, ಹಾನಿಯಾಗುವುದು ಅಲ್ಲೇ. ಆದ್ದರಿಂದ ಯಾವ ಮಾನದಂಡಗಳ ಮೇಲೆ ಆರಿಸಬೇಕು ಎಂಬುದನ್ನು ಮೊದಲು ಹೇಳಿ, ಅನಂತರ ಒಂದೊಂದನ್ನೂ ತೂಗಿ ನೋಡುತ್ತೇನೆ.

ಆರಿಸುವ ಮೊದಲು ಕೇಳಿಕೊಳ್ಳಬೇಕಾದದ್ದು

ಮೊದಲನೆಯದು ನೀರಿನ ಲೆಕ್ಕ. ಬೆಳೆದ ಹಸುವೊಂದು ಬೇಸಿಗೆಯಲ್ಲಿ ದಿನಕ್ಕೆ ಸುಮಾರು 40ರಿಂದ 60 ಲೀಟರ್ ಕುಡಿಯುತ್ತದೆ. ಎಮ್ಮೆಗೆ ಅದಕ್ಕಿಂತ ತುಸು ಹೆಚ್ಚು ಬೇಕು. ಕುರಿ ಮೇಕೆಗಳಿಗೆ ತಲಾ 4ರಿಂದ 6 ಲೀಟರ್ ಸಾಕು. ಬನ್ನೇರುಘಟ್ಟದ ಅಂಚಿನಂತೆ ಆನೆ ಓಡಾಡುವ ಕಡೆ ಒಂದೊಂದು ಆನೆಗೆ ದಿನಕ್ಕೆ 100ರಿಂದ 200 ಲೀಟರ್ ಹಿಡಿಯಬೇಕು. ಮೊಲ, ನರಿ, ನವಿಲು, ಗೌಜಲಹಕ್ಕಿಗಳ ಪಾಲು ಇವುಗಳ ಮುಂದೆ ಲೆಕ್ಕಕ್ಕೇ ಬಾರದಷ್ಟು ಚಿಕ್ಕದು. ಅರವತ್ತು ದನ, ಇನ್ನೂರು ಕುರಿ ಇರುವ ಊರಿಗೆ ದಿನಕ್ಕೆ 4,000 ಲೀಟರ್ ಎಂದಿಟ್ಟುಕೊಳ್ಳೋಣ. ಆದರೆ ಕುಡಿಯುವವರ ಪಟ್ಟಿಯಲ್ಲಿ ಬಿಸಿಲನ್ನೂ ಸೇರಿಸಬೇಕು. ನಮ್ಮ ಕಡೆಯ ಬೇಸಿಗೆಯಲ್ಲಿ ತೆರೆದ ನೀರಿನಿಂದ ದಿನಕ್ಕೆ 5ರಿಂದ 6 ಮಿಲಿಮೀಟರ್ ಆವಿಯಾಗಿ ಹೋಗುತ್ತದೆ, ಅಂದರೆ 30 ಮೀಟರ್ ಉದ್ದ, 30 ಮೀಟರ್ ಅಗಲದ ಕಟ್ಟೆಯೊಂದರಿಂದ ದಿನಕ್ಕೆ ಸುಮಾರು 5,000 ಲೀಟರ್. ಇಡೀ ಊರಿನ ದನ ಕುರಿಗಳಿಗಿಂತ ಬಿಸಿಲೇ ಹೆಚ್ಚು ಕುಡಿಯುತ್ತದೆ. ಇದರ ಮೇಲೆ ಇಂಗುವ ನೀರು ಬೇರೆ. ಹಾಗಾಗಿ ಕಟ್ಟೆಯಲ್ಲಿ ಎಷ್ಟು ನೀರು ಹಿಡಿಯುತ್ತದೆ ಎನ್ನುವುದಕ್ಕಿಂತ, ಏಪ್ರಿಲ್ ಕೊನೆಯ ವಾರದಲ್ಲಿ ಎಷ್ಟು ಉಳಿದಿರುತ್ತದೆ ಎಂದು ಕೇಳುವುದೇ ಸರಿ.

ಎರಡನೆಯದು ದಡದ ಇಳಿಜಾರು. ನೀರಿಗೆ ಇಳಿಯುವುದು ಸುಲಭ. ಹೊಟ್ಟೆ ತುಂಬಾ ಕುಡಿದ ಪ್ರಾಣಿ ಒದ್ದೆ ಕಾಲಿನಲ್ಲಿ ಮೇಲೆ ಹತ್ತಬಲ್ಲದೇ ಎಂಬುದನ್ನು ನೋಡಬೇಕು. ಒಂದು ಅಡಿ ಆಳಕ್ಕೆ ನಾಲ್ಕು ಅಡಿ ಉದ್ದದ ಇಳಿಜಾರು ಒಂದು ಕಡೆಯಲ್ಲಾದರೂ ಇರಲೇಬೇಕು.

ಮೂರನೆಯದು ಹೊತ್ತು. ದನಗಾಹಿಗಳು ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರ ನಡುವೆ ನೀರಿಗೆ ಬರುತ್ತಾರೆ. ಕಾಡುಪ್ರಾಣಿಗಳು ಮುಸ್ಸಂಜೆಯಿಂದ ಮುಂಜಾವಿನವರೆಗೆ. ಒಂದೇ ನೀರನ್ನು ಜಗಳವಿಲ್ಲದೆ ಹಂಚಿಕೊಳ್ಳುವ ಈ ಪಾಳಿ ತಾನಾಗಿಯೇ ಏರ್ಪಟ್ಟದ್ದು. ರಾತ್ರಿ ದೀಪ ಹಾಕುವುದು, ಸಂಜೆ ಐದರ ಮೇಲೆ ಟ್ಯಾಂಕರ್ ತರಿಸುವುದು, ದಡದಲ್ಲಿ ಬೆಂಚು ಹಾಕಿ ವಿಹಾರದ ತಾಣ ಮಾಡುವುದು, ಇವೆಲ್ಲ ಆ ಪಾಳಿಯನ್ನು ಮುರಿಯುತ್ತವೆ. ನಾಯಿಗಳ ಕಾಟವೂ ಇದರಲ್ಲೇ ಸೇರುತ್ತದೆ: ಜನ ಕೂತು ತಿಂದು ಎಸೆಯುವ ಕಡೆ ಬೀದಿನಾಯಿಗಳು ಬೀಡುಬಿಡುತ್ತವೆ, ನಾಯಿಗಳಿರುವ ನೀರಿಗೆ ಮೊಲವಾಗಲಿ ನರಿಯಾಗಲಿ ಬರುವುದಿಲ್ಲ.

ನಾಲ್ಕನೆಯದು ರೋಗ. ದನಗಳೂ ಕಾಡುಪ್ರಾಣಿಗಳೂ ಒಂದೇ ಕೆಸರಿನಲ್ಲಿ ನಿಂತು ಕುಡಿದಾಗ ರೋಗ ಎರಡೂ ಕಡೆಗೆ ಹರಿಯುತ್ತದೆ. 1968ರಲ್ಲಿ ಬಂಡೀಪುರ, ಮುದುಮಲೆ ಕಾಡುಗಳ ಕಾಟಿಗಳನ್ನು ದೊಡ್ಡರೋಗ (ರಿಂಡರ್‌ಪೆಸ್ಟ್) ಸಾಲುಸಾಲಾಗಿ ಕೆಡವಿತು. ಆ ರೋಗ ಈಗ ಭೂಮಿಯ ಮೇಲೇ ಇಲ್ಲ. 2011ರಲ್ಲಿ ಜಗತ್ತು ಅದರಿಂದ ಮುಕ್ತವೆಂದು ಘೋಷಣೆಯಾಯಿತು. ಆದರೆ ಕಾಲುಬಾಯಿ ರೋಗ, ಕುರಿಗಳ ಹಿರೇಬೇನೆ (ಪಿಪಿಆರ್), ನೆರಡಿ ರೋಗ (ಆಂಥ್ರಾಕ್ಸ್) ಇನ್ನೂ ಇವೆ. 2016ರ ಕೊನೆಯಲ್ಲಿ ಮಂಗೋಲಿಯಾದ ಹುಲ್ಲುಗಾವಲಿನಲ್ಲಿ ಕುರಿಮೇಕೆಗಳಿಂದ ದಾಟಿದ ಹಿರೇಬೇನೆ ಸಾವಿರಾರು ಸೈಗಾ ಜಿಂಕೆಗಳನ್ನು ಕೊಂದಿತು. ಅಭಯಾರಣ್ಯದ ಒಳಗೆ ಮತ್ತು ಅದರ ಐದು ಕಿಲೋಮೀಟರ್ ಸುತ್ತಲಿನ ಜಾನುವಾರುಗಳಿಗೆ ಲಸಿಕೆ ಹಾಕಿಸುವ ಕ್ರಮ ಕೈಗೊಳ್ಳಬೇಕೆಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೇ ಇದೆ. ನೀರಿಗೆ ಹಣ ಹಾಕುವವರು ಲಸಿಕೆಯ ಶಿಬಿರಕ್ಕೂ ಒಂದಿಷ್ಟು ಎತ್ತಿಡಬೇಕು ಎಂದು ನಾನು ಒತ್ತಾಯಿಸುವುದು ಇದಕ್ಕೇ.

ಐದನೆಯದು ಸುತ್ತಲಿನ ಹುಲ್ಲು. ಇದನ್ನು ಬಹಳ ಜನ ಯೋಚಿಸುವುದೇ ಇಲ್ಲ. ವರ್ಷವಿಡೀ ನೀರಿರುವ ಜಾಗದ ಸುತ್ತ ದನ ಕುರಿಗಳು ದಿನವೂ ತುಳಿಯುತ್ತವೆ, ಮೇಯುತ್ತವೆ. ವರ್ಷಗಳು ಕಳೆದಂತೆ ನೆಲ ಬೋಳಾಗಿ, ಆ ಬೋಳು ವರ್ತುಲ ಹೊರಕ್ಕೆ ಹಿಗ್ಗುತ್ತದೆ, ಅದರಲ್ಲಿ ಕಳೆಯೋ ಜಾಲಿಯೋ ತುಂಬಿಕೊಳ್ಳುತ್ತದೆ. ದಕ್ಷಿಣ ಆಫ್ರಿಕಾದ ಕ್ರೂಗರ್ ಉದ್ಯಾನದಲ್ಲಿ ದಶಕಗಳ ಕಾಲ ಕೊಳವೆಬಾವಿ ಕೊರೆದು ಕೃತಕ ನೀರುತಾಣಗಳನ್ನು ಮಾಡಿದರು. ಒಣಪ್ರದೇಶಕ್ಕೆ ಜೀಬ್ರಾಗಳು ಬಂದು ಸೇರಿದವು, ಅವುಗಳ ಹಿಂದೆ ಸಿಂಹಗಳು ಬಂದವು, ಮೊದಲಿನಿಂದ ಅಲ್ಲಿದ್ದ ಅಪರೂಪದ ರೋನ್ ಜಿಂಕೆಗಳ ಸಂಖ್ಯೆ ಕುಸಿಯಿತು. 1990ರ ದಶಕದಿಂದ ಅಂಥ ಹಲವು ತಾಣಗಳನ್ನು ಮುಚ್ಚುತ್ತ ಬರಬೇಕಾಯಿತು. ಪ್ರಾಣಿಗಳಿಗೆ ನೀರು ಕೊಟ್ಟರೆ ಒಳ್ಳೆಯದೇ ಆಗುತ್ತದೆ ಎಂಬುದು ಎಲ್ಲ ಜಾಗಕ್ಕೂ ನಿಜವಲ್ಲ. ಎರಡು ಕಿಲೋಮೀಟರ್ ಒಳಗೆ ಬೇಸಿಗೆಯಲ್ಲೂ ಬತ್ತದ ನೀರಿದ್ದರೆ, ಹೊಸದೊಂದನ್ನು ಮಾಡದೆ ಇರುವುದೂ ಒಂದು ಆಯ್ಕೆ ಎಂದೇ ನನ್ನ ಅಭಿಪ್ರಾಯ.

ಕೊನೆಯದು, ನೋಡಿಕೊಳ್ಳುವವರು. ಹಿಂದೆ ಊರಿಗೊಬ್ಬ ನೀರುಗಂಟಿ ಇದ್ದ. ತೂಬು, ಕೋಡಿ, ಕಾಲುವೆ ಅವನ ಹೊಣೆಯಾಗಿದ್ದವು. ಈಗ ಆ ಜಾಗದಲ್ಲಿ ಯಾರು ಎಂದು ಹೆಸರು ಹಿಡಿದು ಹೇಳಲಾಗದಿದ್ದರೆ, ಎಷ್ಟೇ ದುಡ್ಡಿದ್ದರೂ ಕೆಲಸ ಶುರುಮಾಡಬಾರದು.

ಹಳೆಯ ಗೋಕಟ್ಟೆಯನ್ನು ಸರಿಪಡಿಸುವುದು

ಹಳೆ ಮೈಸೂರಿನ ಬಹುಪಾಲು ಊರುಗಳಲ್ಲಿ ಕೆರೆ ಬೇರೆ, ಗೋಕಟ್ಟೆ ಬೇರೆ. ಕೆರೆ ಗದ್ದೆಗಾದರೆ, ಗೋಮಾಳದ ತಗ್ಗಿನಲ್ಲಿ ಏರಿ ಹಾಕಿ ನಿಲ್ಲಿಸಿದ ಚಿಕ್ಕ ಕಟ್ಟೆ ದನಗಳಿಗೆ. ಅದನ್ನು ತೋಡಿದವರು ನೀರು ಎಲ್ಲಿಂದ ಇಳಿದು ಬರುತ್ತದೆಂದು ವರ್ಷಗಟ್ಟಲೆ ನೋಡಿಯೇ ಜಾಗ ಆರಿಸಿದ್ದರು. ತಲೆಮಾರುಗಳ ಕಾಲ ದನ ತುಳಿದು ತುಳಿದು ತಳದ ಜೇಡಿ ಗಟ್ಟಿಯಾಗಿ, ನೀರು ಇಂಗುವುದು ಕಡಿಮೆಯಾಗಿರುತ್ತದೆ. ಮುಫತ್ತಾಗಿ ಸಿಕ್ಕಿರುವ ಈ ಎರಡು ಅನುಕೂಲಗಳು ಹೊಸ ಹೊಂಡಕ್ಕೆ ಎಷ್ಟು ಖರ್ಚು ಮಾಡಿದರೂ ಬರುವುದಿಲ್ಲ. ಹಳೆಯ ಕಟ್ಟೆಯೊಂದು ಇದ್ದರೆ ಮೊದಲು ಅದನ್ನೇ ನೋಡಿ ಎಂದು ನಾನು ಹೇಳುವುದಕ್ಕೆ ಕಾರಣ ಇದು.

ಆದರೆ ಹೂಳೆತ್ತುವುದೇ ದುರಸ್ತಿ ಎಂದು ತಿಳಿಯಬಾರದು. ಮೊದಲು ಕಟ್ಟೆಗೆ ನೀರು ಬರುವ ದಾರಿಯನ್ನು ನಡೆದು ನೋಡಬೇಕು. ಒಂದು ಹೆಕ್ಟೇರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆಯಾದರೆ 10,000 ಲೀಟರ್ ನೀರು. ವರ್ಷಕ್ಕೆ 900 ಮಿಲಿಮೀಟರ್ ಮಳೆ ಬೀಳುವ ನಮ್ಮಲ್ಲಿ, ಅದರಲ್ಲಿ ಹತ್ತರಲ್ಲೊಂದು ಪಾಲು ಹರಿದು ಬಂದರೂ ಹೆಕ್ಟೇರಿಗೆ ಒಂಬತ್ತು ಲಕ್ಷ ಲೀಟರ್ ಆಗುತ್ತದೆ. ಹಾಗಾದರೆ ಎರಡು ಹೆಕ್ಟೇರ್ ಬಯಲಿನ ನೀರು ಸಲೀಸಾಗಿ ಹರಿದು ಬರುವಂತಿದ್ದರೆ, ಹದಿಮೂರು ಲಕ್ಷ ಲೀಟರಿನ ಕಟ್ಟೆ ತುಂಬಬೇಕು. ತುಂಬುತ್ತಿಲ್ಲವೆಂದರೆ ತೊಡಕು ಬಹುಮಟ್ಟಿಗೆ ಹೂಳಿನಲ್ಲಿಲ್ಲ, ದಾರಿಯಲ್ಲಿದೆ: ಬಡಾವಣೆಯ ರಸ್ತೆ ಕಾಲುವೆಯನ್ನು ತುಂಡರಿಸಿರುತ್ತದೆ, ಕಾಂಪೌಂಡ್ ಗೋಡೆ ಅಡ್ಡ ಬಂದಿರುತ್ತದೆ, ಇಲ್ಲವೇ ಮೇಲ್ಭಾಗದಲ್ಲಿ ನೀಲಗಿರಿ ತೋಪು ಇರುತ್ತದೆ. ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿದರೂ ಹಳೆಯ ತೋಪುಗಳು ಚಿಗುರುತ್ತಲೇ ಇವೆ. ದಾರಿ ಬಿಡಿಸದೆ ಹೂಳೆತ್ತಿದರೆ ಆಳವಾದ ಖಾಲಿ ಗುಂಡಿ ಸಿಗುತ್ತದೆ, ಅಷ್ಟೆ.

ಹೂಳೆತ್ತುವ ರೀತಿಯಲ್ಲೂ ಎಚ್ಚರ ಬೇಕು. ಜೆಸಿಬಿ ಗಂಟೆಯ ಲೆಕ್ಕದಲ್ಲಿ ದುಡಿಯುತ್ತದೆ. ಆದಷ್ಟು ಬೇಗ, ಆದಷ್ಟು ಆಳ, ಅಂಚು ಕಡಿದಾಗಿ ತೆಗೆಯುವುದು ಚಾಲಕನ ರೂಢಿ. ತಳದ ಕಪ್ಪು ಹೂಳು ಮುಗಿದು ಬಿಗಿಯಾದ ಜೇಡಿ ಕಂಡ ಕೂಡಲೇ ನಿಲ್ಲಿಸಬೇಕು. ಆ ಪದರ ಒಡೆದು ಕೆಳಗಿನ ಮೊರಡು ಮಣ್ಣು ಮೇಲೆ ಬಂದರೆ ಕಟ್ಟೆ ಸೋರತೊಡಗುತ್ತದೆ. ಜೇಡಿಮಣ್ಣು ತರಿಸಿ, ಹಾಸಿ, ಧಮ್ಮಸು ಮಾಡಿಸದೆ ಅದು ಸರಿಹೋಗುವುದಿಲ್ಲ. ನಾನು ಕಂಡ ಒಂದು ಕಟ್ಟೆಯಲ್ಲಿ ಹೀಗೇ ಆಯಿತು: ಹೂಳೆತ್ತುವ ಮೊದಲು ಮಾರ್ಚಿನವರೆಗೆ ನಿಲ್ಲುತ್ತಿದ್ದ ನೀರು, ಆಳ ಮಾಡಿದ ಮರುವರ್ಷ ಸಂಕ್ರಾಂತಿಗೆಲ್ಲ ಬತ್ತಿತು. ಅಂದಿನಿಂದ, ಕೆಲಸ ನಡೆಯುವ ಅಷ್ಟೂ ದಿನ ಜೇಡಿ ಗುರುತಿಸಬಲ್ಲ ಊರಿನ ಹಿರಿಯರೊಬ್ಬರು ಯಂತ್ರದ ಪಕ್ಕದಲ್ಲೇ ಇರಬೇಕು ಎಂದು ನಾನು ಹಟ ಹಿಡಿಯುತ್ತೇನೆ.

ಇಡೀ ಕಟ್ಟೆಯನ್ನು ಒಂದೇ ವರ್ಷ ಕೆರೆದು ಹಾಕದೆ, ಈ ಬೇಸಿಗೆ ಅರ್ಧ, ಮುಂದಿನ ಬೇಸಿಗೆ ಅರ್ಧ ಮಾಡುವುದು ಒಳ್ಳೆಯದು. ಒಣಗಿದಂತೆ ಕಾಣುವ ಕೆಸರಿನೊಳಗೆ ಆಮೆಗಳು ಮಳೆ ಬರುವವರೆಗೂ ಹುದುಗಿ ಮಲಗಿರುತ್ತವೆ. ಏರಿಯ ಪಕ್ಕದ ಬೋಳು ನೆಲದಲ್ಲಿ ಟಿಟ್ಟಿಭ ಮೊಟ್ಟೆ ಇಟ್ಟಿರುತ್ತದೆ, ಆ ಮೊಟ್ಟೆಗಳು ಸುತ್ತಲಿನ ಕಲ್ಲಿನ ಬಣ್ಣಕ್ಕೇ ಇರುವುದರಿಂದ ಯಂತ್ರದವರಿಗೆ ಕಾಣುವುದಿಲ್ಲ. ತೆಗೆದ ಹೂಳನ್ನು ಏರಿಯ ಮೇಲೆ ಗುಡ್ಡೆ ಹಾಕಿದರೆ ಮೊದಲ ಮಳೆಗೇ ಒಳಗೆ ಜಾರಿ ಬರುತ್ತದೆ. ಹೊಲಕ್ಕೆ ಹೊಡೆದುಕೊಳ್ಳಲು ರೈತರಿಗೆ ಬಿಟ್ಟರೆ ಸಾಗಣೆಯ ಖರ್ಚೂ ಉಳಿಯುತ್ತದೆ.

ಕಟ್ಟೆಯ ದೊಡ್ಡ ಕೊರತೆ ಕೆಸರು ಮತ್ತು ರೋಗ. ದನಗಳು ಮೊಣಕಾಲುದ್ದ ಇಳಿದು ಅಲ್ಲೇ ಸಗಣಿ ಹಾಕುತ್ತವೆ. ನೀರು ತಗ್ಗಿದಂತೆ ಬಿಸಿಲಿಗೆ ಪಾಚಿ ಹಬ್ಬುತ್ತದೆ, ಬಸವನಹುಳುಗಳ ಮೂಲಕ ಯಕೃತ್ತಿನ ಹುಳುವಿನ ಬಾಧೆ ಬರುತ್ತದೆ. ಬಣ್ಣ ಬಳಿದಂತೆ ಕಾಣುವ ನೀಲಿಹಸಿರು ಪಾಚಿಯ ಬಗ್ಗೆ ಉದಾಸೀನ ಸಲ್ಲದು. 2020ರಲ್ಲಿ ಬೋಟ್ಸ್ವಾನಾದಲ್ಲಿ ಮುನ್ನೂರಕ್ಕೂ ಹೆಚ್ಚು ಆನೆಗಳು ಸತ್ತದ್ದಕ್ಕೆ ಅಂಥದೇ ಪಾಚಿಯ ವಿಷ ಕಾರಣವೆಂದು ಅಲ್ಲಿನ ಸರ್ಕಾರ ಹೇಳಿತು. ಉಣ್ಣೆಗೆ ಔಷಧಿ ಹಚ್ಚಿದ ದನವನ್ನು ಕಟ್ಟೆಯಲ್ಲಿ ತೊಳೆಯುವುದು, ಟ್ರ್ಯಾಕ್ಟರ್ ತೊಳೆಯುವುದು, ಬಣ್ಣದ ಗಣೇಶನನ್ನು ಬಿಡುವುದು, ಈ ಮೂರಕ್ಕೂ ಊರವರೇ ಸೇರಿ ತಡೆ ಹಾಕಬೇಕು.

ಇದಕ್ಕೆ ನಾನು ಕಂಡ ಅತ್ಯುತ್ತಮ ಪರಿಹಾರ ಕಟ್ಟೆಯನ್ನೂ ತೊಟ್ಟಿಯನ್ನೂ ಜೊತೆ ಮಾಡುವುದು. ಏರಿಯ ಕೆಳಗೆ, ಒಣ ನೆಲದಲ್ಲಿ ಒಂದು ಉದ್ದನೆಯ ತೊಟ್ಟಿ ಕಟ್ಟಿ, ಹಳೆಯ ತೂಬಿನ ಮೂಲಕ ಪೈಪು ಎಳೆದು ದನಗಳಿಗೆ ಅಲ್ಲಿ ನೀರು ಕೊಡಬಹುದು; ಎತ್ತರದ ವ್ಯತ್ಯಾಸದಿಂದಲೇ ನೀರು ಇಳಿಯುವುದರಿಂದ ಪಂಪು ಬೇಡ. ತೂಬು ಇಲ್ಲದಿದ್ದರೆ ಏರಿಯನ್ನು ಕೊರೆಯುವುದಕ್ಕಿಂತ ಏರಿಯ ಮೇಲಿಂದ ಸೈಫನ್ ಮಾಡುವುದು ಕ್ಷೇಮ, ಏಕೆಂದರೆ ಹೊಸ ಪೈಪಿನ ಗುಂಟ ನೀರು ಜಿನುಗಿ ಏರಿಯೇ ಕಿತ್ತುಹೋಗಬಹುದು. ಆಗ ಕಟ್ಟೆಯ ದಡದಲ್ಲಿ ಒಂದು ಕಡೆ ಮಾತ್ರ ಕಲ್ಲು ಹಾಸಿದ ಇಳಿಜಾರು ಬಿಟ್ಟು, ಉಳಿದ ಮೂರು ಕಡೆ ಹುಲ್ಲು ಬೆಳೆಯಲು ಬಿಡಬಹುದು. ಬೇಲಿ ಹಾಕಲೇಬೇಕೆಂದರೆ ಮುಳ್ಳುತಂತಿ ಬೇಡ. ನಯವಾದ ತಂತಿಯನ್ನು, ಕೆಳಗಿನ ಎಳೆ ನೆಲದಿಂದ ಒಂದೂವರೆ ಅಡಿ ಮೇಲೆ ಇರುವಂತೆ ಕಟ್ಟಿದರೆ ದನ ಹೊರಗುಳಿಯುತ್ತದೆ, ಮೊಲ, ನರಿ, ಕಾಡುಬೆಕ್ಕು ನುಸುಳಿ ಹೋಗುತ್ತವೆ. ಆನೆ ಬರುವ ಕಡೆ ಬೇಲಿಯ ಯೋಚನೆಯನ್ನೇ ಬಿಡಬೇಕು.

ಹೊಸ ಹೊಂಡ ಮತ್ತು ಅದರ ಹಾಳೆ

ಕಟ್ಟೆ ಇಲ್ಲದ ಕಡೆ, ಅಥವಾ ಕಟ್ಟೆಯ ಜಲಾನಯನವನ್ನು ಬಡಾವಣೆಗಳು ನುಂಗಿದ ಕಡೆ, ಹೊಸ ಹೊಂಡದ ಮಾತು ಬರುತ್ತದೆ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯ ಹೊಂಡಗಳನ್ನು ಎಲ್ಲರೂ ನೋಡಿದ್ದಾರೆ. ಅದೇ ಮಾದರಿಯನ್ನು ಗೋಮಾಳಕ್ಕೂ ತರೋಣ ಎನ್ನುತ್ತಾರೆ. ಇಂಗುವುದನ್ನು ತಡೆಯುವ ದಪ್ಪ ಪಾಲಿಥೀನ್ ಹಾಳೆ, ಆವಿ ಕಡಿಮೆ ಮಾಡುವ ಕಡಿದಾದ ಆಳವಾದ ಆಕಾರ, ಎರಡು ಮೂರು ದಿನದಲ್ಲಿ ಮುಗಿಯುವ ಕೆಲಸ: ಬೆಳೆಗೆ ನೀರು ಕೂಡಿಡಲು ಇವೆಲ್ಲ ಗುಣಗಳೇ. ಪ್ರಾಣಿಗಳಿಗೆ ಇದೇ ಗುಣಗಳು ಪ್ರಾಣಕ್ಕೆ ಮುಳುವಾಗುತ್ತವೆ.

ಬೆಂಗಳೂರಿನ ಉತ್ತರಕ್ಕೆ, ಒಂದು ಖಾಸಗಿ ಜಮೀನಿನ ಹೊಂಡದ ಅಂಚಿನಲ್ಲಿ ಒಂದು ಬೆಳಗ್ಗೆ ನಾನು ನಿಂತಿದ್ದೆ. ನೀರು ಅರ್ಧಕ್ಕೆ ಇಳಿದಿತ್ತು. ಕಪ್ಪು ಹಾಳೆಯ ಮೇಲೆ, ನೀರಿನ ಮಟ್ಟದಿಂದ ಎರಡಡಿ ಮೇಲಿನವರೆಗೆ, ಪಾಚಿಯ ತೆಳುವಾದ ಲೋಳೆಯಲ್ಲಿ ಉಗುರಿನ ಗೀರುಗಳಿದ್ದವು. ನಾಲ್ಕು ನಾಲ್ಕರ ಗುಂಪಾಗಿ, ಒಂದರ ಪಕ್ಕ ಒಂದು, ಹೊಂಡದ ಮೂರು ಗೋಡೆಗಳ ಉದ್ದಕ್ಕೂ. ನಾಲ್ಕನೆಯ ಗೋಡೆಯ ಬಳಿ ನರಿ ತೇಲುತ್ತಿತ್ತು. ಅದು ಒಂದೇ ಕಡೆ ಪ್ರಯತ್ನಿಸಿ ಸೋತಿರಲಿಲ್ಲ. ಸುತ್ತಲೂ ಈಜಿ, ಎಲ್ಲೆಲ್ಲಿಯೂ ಹತ್ತಲು ನೋಡಿತ್ತು. ಆ ಹೊಂಡಕ್ಕೆ ಒಂದು ಹಗ್ಗದ ಬಲೆಯನ್ನು ಇಳಿಬಿಟ್ಟಿದ್ದರೂ ಸಾಕಿತ್ತು.

ಆದ್ದರಿಂದ ಹಾಳೆಯ ಹೊಂಡವೇ ಬೇಕೆನ್ನುವವರಿಗೆ ನನ್ನ ಷರತ್ತುಗಳು ಕಟ್ಟುನಿಟ್ಟು. ಒಂದು ಬದಿಯನ್ನು ಪೂರ್ತಿಯಾಗಿ ಒಂದಕ್ಕೆ ನಾಲ್ಕರ ಇಳಿಜಾರು ಮಾಡಿ, ಹಾಳೆಯ ಮೇಲೆ ಒಂದಡಿ ಮಣ್ಣು ಮತ್ತು ಒರಟು ಕಲ್ಲು ಹಾಸಬೇಕು. ಉಳಿದ ಮೂರು ಬದಿಗಳಲ್ಲಿ ತೆಂಗಿನ ನಾರಿನ ಬಲೆಯನ್ನು ತಳದವರೆಗೆ ಇಳಿಬಿಡಬೇಕು, ಅದು ಕೊಳೆಯುವುದರಿಂದ ವರ್ಷ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಇಳಿಜಾರು ಮಾಡಿದಷ್ಟೂ ಮೇಲ್ಮೈ ಅಗಲವಾಗಿ ಆವಿ ಹೆಚ್ಚುತ್ತದೆ, ಅದೇ ನೀರಿಗೆ ಹೆಚ್ಚು ಜಾಗವೂ ಬೇಕಾಗುತ್ತದೆ. ಆ ನಷ್ಟವನ್ನು ಒಪ್ಪಿಕೊಳ್ಳಲಾಗದವರು ಹೊಂಡಕ್ಕೆ ಗಟ್ಟಿ ಬೇಲಿ ಹಾಕಿ, ಅದನ್ನು ಕೇವಲ ನೀರಿನ ದಾಸ್ತಾನಾಗಿ ಇಟ್ಟುಕೊಂಡು, ಕುಡಿಯಲು ಹೊರಗೆ ತೊಟ್ಟಿ ಮಾಡಬೇಕು. ದನದ ಗೊರಸು ಹಾಳೆಯನ್ನು ಒಂದೇ ಬೇಸಿಗೆಯಲ್ಲಿ ತೂತು ಮಾಡಬಲ್ಲದು ಎನ್ನುವುದೂ ನೆನಪಿರಲಿ.

ಹಾಳೆಯಿಲ್ಲದ, ಕೈಯಲ್ಲಿ ತೋಡಿದ ಚಿಕ್ಕ ಹೊಂಡಗಳ ದಾರಿಯೂ ಇದೆ. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರು ಗುಡ್ಡದ ಇಳಿಜಾರಿನಲ್ಲಿ ಒಂದೊಂದೇ ಕಟ್ಟೆ ತೋಡಿ, ತಮ್ಮ ಕುರಿಗಳಿಗೂ ಗುಡ್ಡದ ಪ್ರಾಣಿಪಕ್ಷಿಗಳಿಗೂ ನೀರು ನಿಲ್ಲಿಸಿದರು. 2020ರಲ್ಲಿ ಪ್ರಧಾನಿಯವರು ರೇಡಿಯೋ ಭಾಷಣದಲ್ಲಿ ಅವರ ಹೆಸರು ಹೇಳಿದ ಮೇಲೆ ಅದು ದೇಶಕ್ಕೆ ತಿಳಿಯಿತು. ಗುಡ್ಡವಿರುವ ಕಡೆ, ಒಂದು ದೊಡ್ಡ ಹೊಂಡಕ್ಕಿಂತ ಒಂದರ ಕೆಳಗೆ ಒಂದಾಗಿ ಹಲವು ಚಿಕ್ಕ ಕಟ್ಟೆಗಳಿದ್ದರೆ ಮೇವಿನ ಒತ್ತಡವೂ ಹರಡುತ್ತದೆ, ಒಂದು ಬತ್ತಿದರೆ ಇನ್ನೊಂದು ಇರುತ್ತದೆ.

ತೊಟ್ಟಿ ಮತ್ತು ಟ್ಯಾಂಕರ್

ಶುರುವಿನ ಖರ್ಚು ಎಲ್ಲಕ್ಕಿಂತ ಕಡಿಮೆ ಇರುವುದು ಇದಕ್ಕೆ, ಬೇಗ ಆಗುವುದೂ ಇದೇ. ನೀರು ಪೋಲಾಗುವುದೂ ಇಲ್ಲ: ನಾಲ್ಕು ಮೀಟರ್ ಉದ್ದ, ಎರಡಡಿ ಅಗಲದ ತೊಟ್ಟಿಯಿಂದ ದಿನಕ್ಕೆ ಆವಿಯಾಗುವುದು ಒಂದು ಕೊಡದಷ್ಟೇ. ಆದರೆ ಪ್ರತಿ ಲೀಟರಿಗೂ ದುಡ್ಡು ಕೊಡಬೇಕು. 2024ರ ಬರದಲ್ಲಿ ಬೆಂಗಳೂರು ಜಿಲ್ಲಾಡಳಿತ ಟ್ಯಾಂಕರಿಗೆ ದರ ನಿಗದಿ ಮಾಡಿದಾಗ, ಐದರಿಂದ ಹತ್ತು ಕಿಲೋಮೀಟರ್ ದೂರಕ್ಕೆ 12,000 ಲೀಟರಿನ ಟ್ಯಾಂಕರಿಗೆ 1,200 ರೂಪಾಯಿ ಎಂದಿತ್ತು, ತೆರಿಗೆ ಬೇರೆ. ನಮ್ಮ ಲೆಕ್ಕದ ಊರಿಗೆ ಅದು ಮೂರು ದಿನಕ್ಕೆ ಸಾಲುತ್ತದೆ. ತೊಂಬತ್ತು ದಿನದ ಬೇಸಿಗೆಗೆ ಮೂವತ್ತು ಟ್ಯಾಂಕರ್, ಅಂದರೆ 36,000 ರೂಪಾಯಿ, ಅದೂ ಪ್ರತಿ ವರ್ಷ. ಬರ ಬಿದ್ದಾಗ ನೀರು ಹೆಚ್ಚು ಬೇಕು, ಆಗಲೇ ಟ್ಯಾಂಕರ್ ಸಿಗುವುದು ಕಷ್ಟ.

ಹಾಗಿದ್ದೂ ಎರಡು ಸಂದರ್ಭಗಳಲ್ಲಿ ನಾನು ತೊಟ್ಟಿಯನ್ನೇ ಹೇಳುತ್ತೇನೆ: ಕಟ್ಟೆ ದುರಸ್ತಿಯಾಗುತ್ತಿರುವ ವರ್ಷಗಳಲ್ಲಿ ನಡುವಿನ ಏರ್ಪಾಡಾಗಿ, ಮತ್ತು ಕಟ್ಟೆ ಮಾರ್ಚಿನವರೆಗೆ ಬಂದು ಕೊನೆಯ ಐದಾರು ವಾರ ಮಾತ್ರ ನೀರು ಸಾಲದ ಕಡೆ. ದನಕ್ಕೆ ಒಂದೂವರೆ ಅಡಿ ಎತ್ತರದ ತೊಟ್ಟಿ ಮಾಡಿ, ಅದು ತುಂಬಿ ಹೊರಬರುವ ನೀರನ್ನು ಇಪ್ಪತ್ತು ಮೂವತ್ತು ಅಡಿ ದೂರದ, ನೆಲಮಟ್ಟದ, ಗೇಣುದ್ದ ಆಳದ ಚಿಕ್ಕ ತಟ್ಟೆಗೆ ಹರಿಸಿದರೆ ಚಿಕ್ಕ ಪ್ರಾಣಿಗಳಿಗೂ ಪಕ್ಷಿಗಳಿಗೂ ಬೇರೆ ಜಾಗವಾಗುತ್ತದೆ. ದೊಡ್ಡ ತೊಟ್ಟಿಯ ಒಳಮೂಲೆಯಲ್ಲಿ ಕಲ್ಲುಗಳನ್ನು ಮೆಟ್ಟಿಲಿನಂತೆ ಜೋಡಿಸಿ. ಓತಿಕ್ಯಾತ, ಅಳಿಲು, ಹಕ್ಕಿಮರಿ ಬಿದ್ದರೆ ಹತ್ತಿ ಬರುತ್ತವೆ. ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ, ಉಜ್ಜಿ, ಸುಣ್ಣ ಬಳಿದು, ಒಣಗಿಸಿ ತುಂಬಬೇಕು. ಸೊಳ್ಳೆಮರಿ ರೆಕ್ಕೆ ಬಿಚ್ಚಲು ವಾರ ಹತ್ತು ದಿನ ಬೇಕಾಗುವುದರಿಂದ ವಾರದ ಗಡುವು ತಪ್ಪಬಾರದು. ನೆಕ್ಕುವ ಉಪ್ಪಿನ ಇಟ್ಟಿಗೆಯನ್ನು ತೊಟ್ಟಿಯ ಹತ್ತಿರ ಇಡಬೇಡಿ. ಪ್ರಾಣಿಗಳು ಅಲ್ಲೇ ಗುಂಪುಗೂಡಿ ನಿಲ್ಲುತ್ತವೆ.

ಕೊಳವೆಬಾವಿ ಮತ್ತು ಸೌರಪಂಪು

ಬಂಡೀಪುರದಲ್ಲಿ ಅರಣ್ಯ ಇಲಾಖೆ ಸೌರಪಂಪಿನಿಂದ ಕೆರೆಗಳಿಗೆ ನೀರು ಬಿಡುವುದನ್ನು ನೋಡಿ ಬಂದವರು ಅದನ್ನೇ ಇಲ್ಲೂ ಮಾಡೋಣ ಎನ್ನುತ್ತಾರೆ. ಆದರೆ ಬೆಂಗಳೂರು ಗ್ರಾಮಾಂತರ, ಕೋಲಾರ, ಚಿಕ್ಕಬಳ್ಳಾಪುರದ ನೆಲ ಬೇರೆ. ಸಾವಿರ ಅಡಿ ದಾಟಿದರೂ ನೀರು ಸಿಗದ ಕೊಳವೆಬಾವಿಗಳು ಇಲ್ಲಿ ಊರೂರಿಗೂ ಇವೆ. ಅಷ್ಟು ಆಳದಿಂದ ಎತ್ತುವ ಪಂಪಿಗೆ ಫಲಕಗಳೂ ಅಷ್ಟೇ ಹೆಚ್ಚು ಬೇಕು. ಅಧಿಸೂಚಿತ ಪ್ರದೇಶಗಳಲ್ಲಿ ಕೊರೆಸಲು 2011ರ ಅಂತರ್ಜಲ ಕಾಯ್ದೆಯಡಿ ಅನುಮತಿಯೂ ಬೇಕು. ಆಳದ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ದನಗಳ ಹಲ್ಲು ಮೂಳೆ ಹಾಳಾಗುತ್ತವೆ, ಆದ್ದರಿಂದ ಒಂದು ಬಾಟಲಿ ನೀರನ್ನು ಪ್ರಯೋಗಾಲಯಕ್ಕೆ ಕೊಡದೆ ಮುಂದುವರಿಯಬಾರದು. ಎಲ್ಲಕ್ಕಿಂತ ಹೆಚ್ಚಾಗಿ, ಇದು ವರ್ಷವಿಡೀ ಬತ್ತದ ನೀರು. ಹುಲ್ಲಿನ ಬಗ್ಗೆ ಮೇಲೆ ಹೇಳಿದ್ದೆಲ್ಲ ಇದಕ್ಕೇ ಹೆಚ್ಚು ಅನ್ವಯಿಸುತ್ತದೆ.

ಗೋಮಾಳದಲ್ಲಿ ಈಗಾಗಲೇ ನೀರಿರುವ, ಪಂಚಾಯಿತಿ ಬಳಸದೆ ಬಿಟ್ಟ ಕೊಳವೆಬಾವಿ ಇದ್ದರೆ ಮಾತ್ರ ಮಾತು ಬೇರೆ. ಅದಕ್ಕೆ ಚಿಕ್ಕ ಸೌರಪಂಪು ಹಾಕಿ, 5,000 ಲೀಟರಿನ ಟ್ಯಾಂಕು ಕೂರಿಸಿ, ಫ್ಲೋಟ್ ವಾಲ್ವ್ ಇರುವ ತೊಟ್ಟಿಗೆ ನೀರು ಬಿಟ್ಟರೆ ಟ್ಯಾಂಕರಿನ ವರ್ಷವರ್ಷದ ಖರ್ಚು ತಪ್ಪುತ್ತದೆ. ಮಳೆಗಾಲದಲ್ಲಿ ಅದನ್ನು ನಿಲ್ಲಿಸಿ, ಜನವರಿಯ ನಂತರ ಮಾತ್ರ ಬಿಡಬೇಕು. ಆಗ ಮಳೆಯ ತಿಂಗಳುಗಳಲ್ಲಿ ದನಗಳು ಬೇರೆ ಬೇರೆ ತಗ್ಗುಗಳಿಗೆ ಚದುರಿ, ಇಲ್ಲಿನ ಹುಲ್ಲು ಚೇತರಿಸಿಕೊಳ್ಳುತ್ತದೆ.

ಯಾರಿಗೆ ಯಾವುದು

ಜಾಗ ಯಾರದ್ದು ಎಂಬುದನ್ನು ಮೊದಲು ಕಾಗದದಲ್ಲಿ ನೋಡಿ. ಗೋಮಾಳ ಕಂದಾಯ ಇಲಾಖೆಯದು, ಅಲ್ಲಿ ತಹಶೀಲ್ದಾರರ ಮತ್ತು ಪಂಚಾಯಿತಿಯ ಒಪ್ಪಿಗೆ ಬೇಕು. ಅರಣ್ಯದ ಗಡಿಯೊಳಗೆ ಒಂದು ಗುದ್ದಲಿ ಮಣ್ಣು ತೆಗೆಯಲೂ ಅರಣ್ಯ ಇಲಾಖೆಯ ಅನುಮತಿ ಇರಲೇಬೇಕು. ಹೆಸರಘಟ್ಟದ ಸುಮಾರು 5,678 ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಲು ರಾಜ್ಯ ವನ್ಯಜೀವಿ ಮಂಡಳಿ 2024ರಲ್ಲಿ ಒಪ್ಪಿದ್ದರಿಂದ, ಆ ಬಯಲಿನಲ್ಲಿ ಯಾರೂ ತಾವಾಗಿಯೇ ಹೊಂಡ ತೋಡಲು ಹೋಗಬಾರದು. ಬಯಲುಹಕ್ಕಿಗಳಿಗೂ ಅವನ್ನು ಬೇಟೆಯಾಡುವ ಸೆಳೆವ ಎಂಬ ಹದ್ದಿನ ಜಾತಿಯ ಹಕ್ಕಿಗಳಿಗೂ ಅಲ್ಲಿ ಬೇಕಿರುವುದು ತುಳಿಯದ ಹುಲ್ಲು.

ಹಣ ಕಡಿಮೆ, ಕೈಗಳು ಹೆಚ್ಚು ಇರುವ ಊರು ಗೋಕಟ್ಟೆಯನ್ನೇ ಹಿಡಿಯಬೇಕು. ಈ ವರ್ಷ ನೀರಿನ ದಾರಿ ಬಿಡಿಸಿ, ಮುಂದಿನ ವರ್ಷ ಹೂಳಿನತ್ತ ನೋಡಿದರೂ ಸರಿ. ಕಂಪನಿಯ ದೊಡ್ಡ ಮೊತ್ತ ಒಮ್ಮೆಗೇ ಬಂದಿದ್ದರೆ, ಕಟ್ಟೆಯ ಕೆಳಗೆ ತೊಟ್ಟಿ ಕಟ್ಟುವುದಕ್ಕೆ ಅದರ ಒಂದು ಪಾಲು ಹಾಕಿ, ಉಳಿದದ್ದನ್ನು ಊರಿನವರೊಬ್ಬರಿಗೆ ಬೇಸಿಗೆಯ ತಿಂಗಳುಗಳ ಸಂಬಳಕ್ಕೂ ಲಸಿಕೆಗೂ ಐದು ವರ್ಷ ಬರುವಂತೆ ಠೇವಣಿ ಇಡಿಸಿ. ಎರಡು ಮೂರು ಎಕರೆ ತೋಟದವರಿಗೆ ಬೇಲಿಯ ಹೊರಗೆ ಒಂದು ತಗ್ಗಾದ ತೊಟ್ಟಿ ಸಾಕು, ಜೊತೆಗೆ ತಮ್ಮ ಹೊಂಡಕ್ಕೆ ಇಳಿಬಿಟ್ಟ ಬಲೆ. ಬನ್ನೇರುಘಟ್ಟದ ಅಂಚಿನ ಊರುಗಳು ಮನೆಗಳ ಹತ್ತಿರ ಹೊಸ ನೀರನ್ನು ಮಾಡಲೇಬಾರದು. ಆನೆ ನೀರಿಗೆ ಬಂದರೆ ಪಕ್ಕದ ರಾಗಿ ಹೊಲಕ್ಕೂ ಬರುತ್ತದೆ, ಚಿರತೆ ಕುರಿದೊಡ್ಡಿಯವರೆಗೂ ಬರುತ್ತದೆ. ಅಲ್ಲಿ ದನಗಳಿಗೆ ಕೊಟ್ಟಿಗೆಯಲ್ಲೇ ನೀರು ಕೊಟ್ಟು, ಕಾಡಿನ ಒಳಗಿನ ನೀರನ್ನು ಇಲಾಖೆಗೆ ಬಿಡುವುದೇ ಸರಿ.

ಯಾವುದನ್ನೇ ಆರಿಸಿದರೂ ದುಡ್ಡು ಹಾಕುವ ಮೊದಲು ಒಂದು ಏಪ್ರಿಲ್ ಬೆಳಗ್ಗೆ ಆರು ಗಂಟೆಗೆ, ದನ ಬರುವ ಮೊದಲು, ಆ ಜಾಗಕ್ಕೆ ಹೋಗಿ ಕೆಸರನ್ನು ನೋಡಿ. ನಿನ್ನೆ ಮಧ್ಯಾಹ್ನದ ದನದ ಗೊರಸಿನ ಗುಳಿಗಳ ಮೇಲೆ ಮೊಲದ ಕಾಲು, ಅದರ ಮೇಲೆ ನರಿಯ ಹೆಜ್ಜೆ, ಅಂಚಿನಲ್ಲಿ ನವಿಲಿನ ಮೂರು ಬೆರಳು ಮೂಡಿದ್ದರೆ ಅಲ್ಲಿ ಪಾಳಿ ಈಗಲೂ ನಡೆಯುತ್ತಿದೆ ಎಂದು ಅರ್ಥ. ಆ ದಡದ ಆಕಾರವನ್ನು ಆದಷ್ಟು ಕೆಡಿಸದೆ ಕೆಲಸ ಮಾಡಿಸಿ. ಬರೀ ನಾಯಿಯ ಹೆಜ್ಜೆಗಳಿದ್ದರೆ, ಹೂಳೆತ್ತುವ ಮೊದಲು ಅಲ್ಲಿ ಕಸ ಎಸೆಯುವವರು ಯಾರೆಂದು ವಿಚಾರಿಸಿ.